ಏಳರ ಧಾರಾವಾಹಿ, ಒಂಬತ್ತರ ಸುದ್ದಿ

ಟಿ.ವಿ. ಧಾರಾವಾಹಿಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಚಾಲ್ತಿಯಲ್ಲಿವೆ. 'ಅದೊಂದು ಮನೆಮುರುಕ ಪೆಟ್ಟಿಗೆ, ಅತ್ತೆ ಸೊಸೆ ಜಗಳ ಕಲಿಯುವುದೇ ಅದರಿಂದ' ಎಂಬ ಬೈಗುಳ ಒಂದು. 'ಹೊತ್ತು ಹೋಗಲೆಂದು ಹೆಂಗಸರು ನೋಡುತ್ತಾರೆ, ಅದಕ್ಕೇಕೆ ಇಷ್ಟು ಚರ್ಚೆ' ಎಂಬ ಉಡಾಫೆ ಇನ್ನೊಂದು. ಬೈಯುವವರಾಗಲಿ ಉಡಾಫೆ ಮಾಡುವವರಾಗಲಿ ಒಂದು ವಾರ ಕೂತು ಧಾರಾವಾಹಿ ನೋಡಿದ್ದು ಕಡಿಮೆ. ಈ ಬರಹ ನೋಡುವವರ ಪೈಕಿ ಒಬ್ಬನದು. ಆದ್ದರಿಂದ ಇದರಲ್ಲಿ ಬೈಗುಳವೂ ಇದೆ, ಮೆಚ್ಚುಗೆಯೂ ಇದೆ, ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ.

ನೋಡುವ ಜಾಗ ಗದಗ ತಾಲೂಕಿನ ಕೋಟುಮಚಗಿ. ಸುತ್ತ ಎರೆಹೊಲ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಹೊಲದಿಂದ ಬಂದ ಹೆಂಗಸರು ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಮನೆಮನೆಯಲ್ಲೂ ಧಾರಾವಾಹಿ ಶುರುವಾಗಿರುತ್ತದೆ. ಲಿಂಗಾಯತರ ಮನೆ, ಕುರುಬರ ಮನೆ, ದಲಿತರ ಮನೆ, ಮುಸ್ಲಿಮರ ಮನೆ ಎಂಬ ಭೇದ ಇಲ್ಲಿಲ್ಲ. ಓಣಿಯಲ್ಲಿ ನಡೆದು ಹೋದರೆ ಒಂದೇ ಸಂಭಾಷಣೆ ಹತ್ತು ಮನೆಯಿಂದ ಕೇಳಿಸುತ್ತದೆ. ಊರಿನ ಎಲ್ಲ ಜಾತಿ, ಧರ್ಮದವರು ದಿನವೂ ಒಂದೇ ಹೊತ್ತಿಗೆ ಮಾಡುವ ಒಂದೇ ಕೆಲಸ ಇದ್ದರೆ ಬಹುಶಃ ಇದೊಂದೇ. ಇಷ್ಟು ಜನರನ್ನು ಒಂದೆಡೆ ಕೂರಿಸುವ ಶಕ್ತಿ ಇರುವ ಮಾಧ್ಯಮವನ್ನು ಹಗುರವಾಗಿ ಕಾಣಲು ಸಾಧ್ಯವಿಲ್ಲ. ಹಾಗಿದ್ದರೆ ಅದು ಈ ಜನರಿಗೆ ಏನನ್ನು ತೋರಿಸುತ್ತಿದೆ? ಯಾರನ್ನು ತೋರಿಸುತ್ತಿಲ್ಲ?

ಒಲೆ ಹೊತ್ತದ ಮನೆಗಳು

ಕನ್ನಡದ ಮೊದಲ ಖಾಸಗಿ ವಾಹಿನಿ ಉದಯ ಟಿ.ವಿ. ಬಂದದ್ದು 1994ರಲ್ಲಿ. 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಝೀ ಕನ್ನಡ, 2007ರಲ್ಲಿ ಸುವರ್ಣ ಬಂದವು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ವಾಹಿನಿಗಳ ಸಂಖ್ಯೆ ಬೆಳೆದಷ್ಟೂ ಧಾರಾವಾಹಿಯ ಜಗತ್ತು ಸಣ್ಣದಾಗುತ್ತ ಬಂತು ಎನ್ನಬೇಕು. ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ 'ಮಾಯಾಮೃಗ' 1998ರಲ್ಲಿ ದೂರದರ್ಶನದಲ್ಲಿ ಬಂದಾಗ ಅದರಲ್ಲಿ ಮಧ್ಯಮ ವರ್ಗದ ಮನೆಗಳಿದ್ದವು, ಕೆಲಸ ಹುಡುಕುವ ಹುಡುಗರಿದ್ದರು. ಮುಂದೆ 'ಮನ್ವಂತರ', 'ಮುಕ್ತ' ಧಾರಾವಾಹಿಗಳಲ್ಲಿ ನ್ಯಾಯಾಲಯ, ರಾಜಕೀಯ, ಭೂಮಿಯ ಪ್ರಶ್ನೆ ಬಂದವು. ಕಥೆ ಮನೆಯ ಹೊಸ್ತಿಲು ದಾಟಿ ಬೀದಿಗೆ ಬರುತ್ತಿತ್ತು.

ಈಗಿನ ಕಥೆ ಹೊಸ್ತಿಲು ದಾಟುವುದಿಲ್ಲ. ಒಂದು ದೊಡ್ಡ ಬಂಗಲೆ. ನಡುವೆ ಎರಡೂ ಕಡೆಯಿಂದ ಇಳಿಯುವ ಮೆಟ್ಟಿಲು. ಕೆಳಗೆ ಸೋಫಾ. ರೇಷ್ಮೆ ಸೀರೆ ಉಟ್ಟು, ಒಡವೆ ಹಾಕಿಕೊಂಡು ನಿಂತ ಹತ್ತು ಜನ. ನಮ್ಮ ಓಣಿಯ ಹಿರಿಯ ಹೆಂಗಸೊಬ್ಬರು ಇದನ್ನು ನೋಡುತ್ತ, “ಏನ್ ಮನಿನೋ ಯಪ್ಪಾ ಇದು, ಮುಂಜಾನಿಂದ ಸಂಜಿತನಾ ಬರೇ ನಿಂತು ಮಾತಾಡತಾರ. ಇವ್ರ ಹೊಟ್ಟಿಗಿ ಯಾರ್ ದುಡೀತಾರ?” ಎಂದು ಕೇಳಿದ್ದರು. ಧಾರಾವಾಹಿ ವಿಮರ್ಶೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಸಾಲ, ಮಳೆ, ಬೆಲೆ, ರೇಷನ್ ಕಾರ್ಡು, ಸ್ವಸಹಾಯ ಸಂಘದ ಕಂತು, ಬಸ್ಸು ತಪ್ಪಿದ್ದು ಇವು ಯಾವುವೂ ಆ ಮನೆಯನ್ನು ಮುಟ್ಟುವುದಿಲ್ಲ. ಅಲ್ಲಿ ಇರುವ ಒಂದೇ ಕಷ್ಟ ಮನೆಯೊಳಗಿನ ಇನ್ನೊಬ್ಬ ಹೆಂಗಸು.

ಇದಕ್ಕೆ ಕಾರಣ ಬರೆಯುವವರ ದಡ್ಡತನ ಎಂದು ತಿಳಿದರೆ ತಪ್ಪಾಗುತ್ತದೆ. ಕಾರಣ ಲೆಕ್ಕಾಚಾರದಲ್ಲಿದೆ. ವಾರಕ್ಕೆ ಐದಾರು ಕಂತು ಕೊಡಲೇಬೇಕು. ದಿನಕ್ಕೊಂದು ಕಂತಿನ ಚಿತ್ರೀಕರಣ ಮುಗಿಯಬೇಕು. ಹೊಲಕ್ಕೆ, ಸಂತೆಗೆ, ಬಸ್‌ ಸ್ಟ್ಯಾಂಡಿಗೆ ಕ್ಯಾಮೆರಾ ಹೋದರೆ ಖರ್ಚು, ಹೊತ್ತು ಎರಡೂ ಹೆಚ್ಚು. ಬೆಂಗಳೂರಿನ ಅಂಚಿನ ಒಂದು ಬಾಡಿಗೆ ಬಂಗಲೆಯಲ್ಲಿ ಎಲ್ಲವೂ ನಡೆದರೆ ಅಗ್ಗ. ಒಂದು ಮಾತಿಗೆ ಎಂಟು ಜನರ ಮುಖವನ್ನು ಸಂಗೀತದೊಂದಿಗೆ ಒಂದೊಂದಾಗಿ ತೋರಿಸಿದರೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗದೆ ಕಂತು ತುಂಬುತ್ತದೆ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶ ಇರುವ ವ್ಯಾಪಾರ ಇದು. ಬಂಗಲೆ, ಒಡವೆ, ಸೀರೆ ಎಲ್ಲವೂ ಆ ಜಾಹೀರಾತಿನ ಮುಂದುವರಿಕೆಯೇ ಆಗಿವೆ.

ಇನ್ನೊಂದು ಕಾರಣವೆಂದರೆ ಕಥೆಯೇ ಬೇರೆಡೆಯಿಂದ ಬರುವುದು. 'ಪುಟ್ಟಗೌರಿ ಮದುವೆ' ಹಿಂದಿಯ 'ಬಾಲಿಕಾ ವಧು'. 'ಜೊತೆ ಜೊತೆಯಲಿ' ಮರಾಠಿಯಿಂದ ಬಂದದ್ದು. 2023ರಲ್ಲಿ ಶುರುವಾದ 'ಅಮೃತಧಾರೆ'ಗೆ ಮೂಲ ಹಿಂದಿಯಲ್ಲಿದೆ, 2024ರ 'ಅಣ್ಣಯ್ಯ'ನಿಗೆ ಮೂಲ ತಮಿಳಿನಲ್ಲಿದೆ. ಬೇರೆ ಭಾಷೆಯಿಂದ ಕಥೆ ತರುವುದು ಪಾಪವೇನಲ್ಲ. 'ಅಮೃತಧಾರೆ'ಯಲ್ಲಿ ವಯಸ್ಸು ಮೀರಿದ ಇಬ್ಬರ ಮದುವೆಯನ್ನು ಗೇಲಿ ಮಾಡದೆ ಗೌರವದಿಂದ ತೋರಿಸಿದ್ದು, ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಅವರ ಅಬ್ಬರವಿಲ್ಲದ ಅಭಿನಯ ಮೆಚ್ಚತಕ್ಕದ್ದೇ. 'ಅಣ್ಣಯ್ಯ' ತಂಗಿಯರನ್ನು ಸಾಕುವ ಅಣ್ಣನೊಬ್ಬನ ಕಥೆಯಾಗಿ ಮನ ಮುಟ್ಟುತ್ತದೆ. ಆದರೆ ಬಂದ ಕಥೆ ಇಲ್ಲಿಯ ಮಣ್ಣಿಗೆ ಹೊಂದಿಕೊಳ್ಳಬೇಕು. ನಮ್ಮ ಧಾರಾವಾಹಿಯಲ್ಲಿ ಹೆಸರು ಬದಲಾಗುತ್ತದೆ, ಊರು ಬದಲಾಗುವುದಿಲ್ಲ. ಯಾವ ರಾಜ್ಯದಲ್ಲಿ ಬೇಕಾದರೂ ನಡೆಯಬಹುದಾದ ಕಥೆ ಯಾವ ಊರಿನದೂ ಆಗುವುದಿಲ್ಲ.

2021ರ ಡಿಸೆಂಬರ್‌ನಲ್ಲಿ ಝೀ ಕನ್ನಡದಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಹಳ್ಳಿಗಳಲ್ಲಿ ಅಷ್ಟು ಜನಪ್ರಿಯವಾದದ್ದೇಕೆಂದು ಇದರಿಂದ ತಿಳಿಯುತ್ತದೆ. ಅದಕ್ಕೂ ಮೂಲ ತೆಲುಗಿನದು. ಆದರೆ ಪುಟ್ಟಕ್ಕ ಅಡುಗೆ ಮಾಡಿ ಮಾರಿ ಮೂವರು ಹೆಣ್ಣುಮಕ್ಕಳನ್ನು ಸಾಕುವವಳು. ಹೆಣ್ಣು ಹೆತ್ತಳೆಂದು ಗಂಡನಿಂದ ದೂರವಾದವಳು. ಅವಳ ಕೈಗೆ ಕೆಲಸ ಇತ್ತು, ಹಣೆಯಲ್ಲಿ ಬೆವರಿತ್ತು. ಒಲೆ ಹೊತ್ತುವ ಮನೆಯೊಂದು ಕಂಡಿತೆಂದು ಜನ ನೋಡಿದರು. ಕಥೆ ಮುಂದೆ ಮಾಮೂಲಿ ಸಂಚುಗಳ ದಾರಿ ಹಿಡಿದರೂ ಉಮಾಶ್ರೀಯವರ ಪಾತ್ರದ ಮೇಲಿನ ಮಮತೆ ಕಡಿಮೆಯಾಗಲಿಲ್ಲ.

ಇದೇ ಉಮಾಶ್ರೀ 2008ರಲ್ಲಿ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರದಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿಯ ಪಾತ್ರ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ವೈದೇಹಿಯವರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಕರಾವಳಿಯ ಮೀನುಗಾರರ ಊರಿನಲ್ಲಿ ಗುಲಾಬಿಯ ಮನೆಗೆ ಟಿ.ವಿ., ಡಿಶ್ ಆಂಟೆನಾ ಬರುತ್ತದೆ. ಅವಳ ಮನೆಯತ್ತ ಸುಳಿಯದ ಹೆಂಗಸರು ಟಿ.ವಿ. ನೋಡಲೆಂದು ಬರತೊಡಗುತ್ತಾರೆ. ಕೊನೆಗೆ ಊರಿನಲ್ಲಿ ಸಂಶಯ, ದ್ವೇಷ ಬೆಳೆದಾಗ ಆ ಒಡನಾಟ ಅವಳನ್ನು ಉಳಿಸುವುದಿಲ್ಲ. ಟಿ.ವಿ. ಪರದೆ ನೆರೆಯವರನ್ನು ಹತ್ತಿರ ತರಲೂಬಹುದು, ಮುಖ ತಿರುಗಿಸುವಂತೆ ಮಾಡಲೂಬಹುದು ಎಂದು ಆ ಚಿತ್ರ ಹೇಳಿ ಹದಿನೇಳು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಉಮಾಶ್ರೀಯವರನ್ನು ಪುಟ್ಟಕ್ಕನಾಗಿ ಕಂಡ ಕಿರುತೆರೆಗೆ ಗುಲಾಬಿಯಂಥ ಇನ್ನೊಬ್ಬಳು ಇಂದಿಗೂ ಸಿಕ್ಕಿಲ್ಲ.

ತಿರುಳ್ಗನ್ನಡದ ನಾಡಿನವರು ನಗೆಪಾಟಲಿಗೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುತ್ತ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ನಾಲ್ಕೂ ಇಂದಿನ ಉತ್ತರ ಕರ್ನಾಟಕದವು. ಹತ್ತನೆಯ ಶತಮಾನದ ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡ ಎಂದು ಹೆಮ್ಮೆಪಟ್ಟವನು. ಅಂದು ಕಾವ್ಯಕ್ಕೆ ಮಾದರಿಯಾಗಿದ್ದ ಸೀಮೆಯ ಮಾತು ಇಂದಿನ ಧಾರಾವಾಹಿಯಲ್ಲಿ ಯಾರ ಬಾಯಲ್ಲಿ ಬರುತ್ತದೆ? ಅಡುಗೆಯವನ ಬಾಯಲ್ಲಿ, ಕಾವಲುಗಾರನ ಬಾಯಲ್ಲಿ, ನಗಿಸಲು ಬಂದವನ ಬಾಯಲ್ಲಿ. ನಾಯಕ ನಾಯಕಿ ಬೆಂಗಳೂರಿನ ಕನ್ನಡ ಮಾತಾಡುತ್ತಾರೆ. ಹಳ್ಳಿಯ ಕಥೆಯಾದರೆ ಅದು ಹೆಚ್ಚಾಗಿ ಮಂಡ್ಯ, ಮೈಸೂರು ಕಡೆಯ ಹಳ್ಳಿ. 'ಬಂದೇನ್ರೀ', 'ಹೋಗಿದ್ನಿ' ಎಂದು ಮಾತಾಡುವ ಒಬ್ಬ ಡಾಕ್ಟರು, ಒಬ್ಬ ವಕೀಲೆ, ಒಬ್ಬ ಪ್ರೇಮಿ ನಮ್ಮ ಕಿರುತೆರೆಗೆ ಬೇಡವಾಗಿದ್ದಾರೆ.

ಆಗದ ಮಾತೇನಲ್ಲ ಇದು. ವೈಶಾಲಿ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕೆ ಮಾಡಿದ 'ಮೂಡಲ ಮನೆ' ಈ ಸೀಮೆಯ ಮಾತಿನಲ್ಲೇ ಒಂದು ತುಂಬು ಕುಟುಂಬದ ಸುಖದುಃಖ ಹೇಳಿತು. ಮೈಸೂರಿನವರೂ ಮಂಗಳೂರಿನವರೂ ಅದನ್ನು ನೋಡಿದರು. ಭಾಷೆ ಅರ್ಥವಾಗುವುದಿಲ್ಲ ಎಂಬ ನೆಪ ಅಂದೇ ಸುಳ್ಳಾಯಿತು. ಆದರೂ ಆ ದಾರಿಯಲ್ಲಿ ಮುಂದೆ ಹೋದವರು ವಿರಳ.

ಧಾರಾವಾಹಿಯಲ್ಲಿ ಸಿಗದ ಜಾಗ ನಮ್ಮ ಕಡೆಯವರಿಗೆ ರಿಯಾಲಿಟಿ ಶೋಗಳಲ್ಲಿ ಸಿಕ್ಕಿದೆ. ಹಾವೇರಿ ಜಿಲ್ಲೆಯ ಚಿಲ್ಲೂರ ಬಡ್ನಿಯ ಕುರಿಗಾಹಿ ಹನುಮಂತ 2018ರಲ್ಲಿ ಝೀ ಕನ್ನಡದ 'ಸರಿಗಮಪ' ವೇದಿಕೆಗೆ ಬಂದು ಹಾಡಿ ಹೆಸರಾದ. ಅದೇ ಹನುಮಂತ ಕಲರ್ಸ್ ಕನ್ನಡದ 'ಬಿಗ್ ಬಾಸ್' 11ನೆಯ ಆವೃತ್ತಿಗೆ ನಡುವೆ ಸೇರಿಕೊಂಡು 2025ರ ಜನವರಿಯಲ್ಲಿ ಗೆದ್ದು 50 ಲಕ್ಷ ರೂಪಾಯಿ ಪಡೆದ. ಆ ದಿನ ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಕಂಡ ಸಂತೋಷ ತಮ್ಮ ಮನೆಯ ಹುಡುಗನೇ ಗೆದ್ದಂತಿತ್ತು. 2025ರ ಸೆಪ್ಟೆಂಬರ್ 28ರಂದು ಶುರುವಾದ 12ನೆಯ ಆವೃತ್ತಿಗೆ ಯಾದಗಿರಿ ಕಡೆಯ ಮಲ್ಲಮ್ಮ, ಬೆಳಗಾವಿ ಕಡೆಯ ಜನಪದ ಗಾಯಕ ಮಾಳು ನಿಪನಾಳ ಹೋದರು. ಮಲ್ಲಮ್ಮನ ಮಾತಿನಲ್ಲಿ ನಮ್ಮ ಅವ್ವಂದಿರ, ಚಿಗವ್ವಂದಿರ ಧಾಟಿಯನ್ನು ಕೇಳಿ ಖುಷಿಪಟ್ಟವರು ಬಹಳ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಶೋಗಳಲ್ಲಿ ಹಳ್ಳಿಯವರಿಗೆ ಮೊದಲೇ ಒಂದು ಪಾತ್ರ ಗೊತ್ತುಮಾಡಲಾಗಿರುತ್ತದೆ. ಅದರ ಹೆಸರು 'ಮುಗ್ಧ'. ಆತನಿಗೆ ಇಂಗ್ಲಿಷ್ ಬರಬಾರದು, ಬಾಗಿಲು ತೆರೆಯುವ ಬಗೆ ತಿಳಿಯಬಾರದು, ಎಲ್ಲದಕ್ಕೂ ಬೆರಗಾಗಬೇಕು. ಜಾಣತನ ತೋರಿಸಿದರೆ 'ಬದಲಾದ' ಎಂಬ ಆರೋಪ ಬರುತ್ತದೆ. ಹನುಮಂತ ಗೆದ್ದದ್ದು ತನ್ನ ಲೆಕ್ಕಾಚಾರದಿಂದ, ಸಮಯಕ್ಕೆ ಸರಿಯಾದ ಮಾತಿನಿಂದ. ಆದರೆ ಗೆದ್ದ ಮೇಲೂ ಪತ್ರಿಕೆ, ಟಿ.ವಿ.ಗಳು ಅವನ ಮುಗ್ಧತೆಯನ್ನೇ ಹೊಗಳಿದವು, ಬುದ್ಧಿಯನ್ನು ಹೊಗಳಲಿಲ್ಲ. ಹಳ್ಳಿಯವನನ್ನು ಬೊಂಬೆಯಾಗಿಸುವ ಈ ಆಟದ ಬೆಲೆ ಏನೆಂಬುದನ್ನು ನಾವು ಹಿಂದೆಯೇ ಕಂಡಿದ್ದೇವೆ. ಸುವರ್ಣ ವಾಹಿನಿಯ 'ಹಳ್ಳಿ ಹೈದ ಪ್ಯಾಟೆಗ್ ಬಂದ' ಕಾರ್ಯಕ್ರಮದಲ್ಲಿ ಗೆದ್ದ ಕಾಡಿನಂಚಿನ ಆದಿವಾಸಿ ಯುವಕ ರಾಜೇಶ್ ಸಿನಿಮಾ ನಾಯಕನೂ ಆದ. ಒಮ್ಮೆಲೆ ಬಂದ ಪ್ರಸಿದ್ಧಿ ಬಾಳಲಿಲ್ಲ. 2013ರಲ್ಲಿ ಮೈಸೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ. ಒಂದು ಋತುವಿನ ಮನರಂಜನೆ ಮುಗಿದ ಮೇಲೆ ಆ ಮನುಷ್ಯನಿಗೆ ಏನಾಯಿತೆಂದು ಕೇಳುವವರು ಯಾರು?

ಇಲ್ಲದ ನೆರೆಮನೆ

ಈಗ ನಮ್ಮ ಪತ್ರಿಕೆಯ ಓದುಗರಿಗೆ ಹೆಚ್ಚು ನೋವಿನ ವಿಷಯಕ್ಕೆ ಬರೋಣ. ಕೋಟುಮಚಗಿಯಂಥ ಊರಿನಲ್ಲಿ ಮುಸ್ಲಿಮನಿಲ್ಲದ ದಿನಚರಿ ಸಾಧ್ಯವೇ? ಮದುವೆಗೆ ಬಳೆ ತೊಡಿಸಲು ಬರುವ ಮನಿಯಾರ, ಗಾದಿ ಹೊಲಿಯುವ ಪಿಂಜಾರ, ಸಂತೆಯಲ್ಲಿ ಹಣ್ಣು ಮಾರುವ ಬಾಗವಾನ, ಮನೆ ಕಟ್ಟುವ ಗೌಂಡಿ, ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗ, ಉರ್ದು ಶಾಲೆಯ ಟೀಚರು. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಮುಸ್ಲಿಮರ ಮನೆ ಒಂದೆರಡೇ ಇದ್ದರೂ ಮೊಹರಂನಲ್ಲಿ ಅಲಾಯಿ ದೇವರು ಕೂರುತ್ತವೆ, ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಾರೆ, ರಿವಾಯತ್ ಹಾಡುತ್ತಾರೆ. ಶಿಶುನಾಳ ಶರೀಫರು ಮತ್ತು ಗುರು ಗೋವಿಂದ ಭಟ್ಟರ ನಾಡು ಇಲ್ಲಿಂದ ದೂರವಿಲ್ಲ. ಟಿ.ವಿ. ಬರುವ ಮುಂಚಿನ ಮನರಂಜನೆಯಾದ ಕಂಪನಿ ನಾಟಕದ ರಂಗದ ಮೇಲೆ ಬೀಳಗಿಯ ಅಮೀರಬಾಯಿ, ಗೋಹರಬಾಯಿ ಅಕ್ಕತಂಗಿಯರು ಮೆರೆದರು. ಅವರನ್ನು ಜನ ಕರ್ನಾಟಕದ ಹೆಸರಿನಿಂದಲೇ ಗುರುತಿಸಿದರು.

ಅದೇ ಸೀಮೆಯ ಜನ ದಿನವೂ ನೋಡುವ ಧಾರಾವಾಹಿಯಲ್ಲಿ, ನಾನು ನೋಡಿದ ಮಟ್ಟಿಗೆ, ಒಂದು ಮುಸ್ಲಿಂ ಮನೆ ಇಲ್ಲ. ನಾಯಕನಿಗೆ ಒಬ್ಬ ಮುಸ್ಲಿಂ ಗೆಳೆಯನಿಲ್ಲ. ನಾಯಕಿಗೆ ಒಬ್ಬ ಸಹಪಾಠಿ ಇಲ್ಲ. ವರಮಹಾಲಕ್ಷ್ಮಿ ಪೂಜೆಗೆ, ಗಣೇಶ ಚೌತಿಗೆ ನಾಲ್ಕು ಧಾರಾವಾಹಿಗಳ ಕುಟುಂಬಗಳು ಒಂದಾಗಿ 'ಮಹಾಸಂಗಮ' ನಡೆಸುತ್ತವೆ. ರಮಝಾನಿನ ಒಂದು ಸಂಜೆ ಯಾವ ಕಥೆಯಲ್ಲೂ ಬರುವುದಿಲ್ಲ. ಇದು ಮುಸ್ಲಿಮರದಷ್ಟೇ ಪಾಡೆಂದು ತಿಳಿಯಬೇಕಿಲ್ಲ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ರೈತನ ಹಬ್ಬವೂ ಬರುವುದಿಲ್ಲ. ದಲಿತರ ಕೇರಿಯೂ ಬರುವುದಿಲ್ಲ. ಬಂಗಲೆಯ ಹೊರಗಿರುವ ಎಲ್ಲರೂ ಇಲ್ಲಿ ಒಟ್ಟಾಗಿಯೇ ಕಾಣೆಯಾಗಿದ್ದಾರೆ.

ಕನ್ನಡ ಸಾಹಿತ್ಯದಲ್ಲಿ ಹೀಗಾಗಿಲ್ಲ. ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬೊಳುವಾರು ಮಹಮದ್ ಕುಂಞಿ, ಬಾನು ಮುಷ್ತಾಕ್ ಅವರು ಮುಸ್ಲಿಂ ಮನೆಯ ಬಾಗಿಲು ತೆರೆದು, ಒಳಗಿನ ಪ್ರೀತಿಯನ್ನೂ ಅನ್ಯಾಯವನ್ನೂ ಕನ್ನಡಿಗರ ಮುಂದಿಟ್ಟು ನಾಲ್ಕು ದಶಕಗಳೇ ಆದವು. ಬಾನು ಅವರ ಕಥೆಯಿಂದ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ' ಚಿತ್ರಕ್ಕೆ ತಾರಾ ರಾಷ್ಟ್ರಪ್ರಶಸ್ತಿ ಪಡೆದರು. 2025ರ ಮೇ ತಿಂಗಳಲ್ಲಿ ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಲಂಡನ್ನಿನ ತೀರ್ಪುಗಾರರಿಗೆ ಮೆಚ್ಚುಗೆಯಾದ ಹಾಸನದ ಕಥೆಗಾರ್ತಿಯ ಲೋಕ ಬೆಂಗಳೂರಿನ ವಾಹಿನಿಗಳ ಕಥಾವಿಭಾಗಕ್ಕೆ ಕಾಣಿಸುವುದಿಲ್ಲ ಎಂದರೆ ಏನೆನ್ನಬೇಕು?

ಹಿಂದೆ ದೂರದರ್ಶನದ ಕಾಲದಲ್ಲಿ ಪರಿಸ್ಥಿತಿ ಬೇರೆ ಇತ್ತು. 1986ರ 'ನುಕ್ಕಡ್'ನಲ್ಲಿ ಹೋಟೆಲು ನಡೆಸುವ ಖಾದರ್ ಭಾಯಿ ಬೀದಿಯವರೆಲ್ಲರ ಸುಖದುಃಖದಲ್ಲಿ ಪಾಲುಗಾರ. ಆತ ಮುಸ್ಲಿಂ ಎಂಬುದು ಕಥೆಯ ಸಮಸ್ಯೆ ಆಗಿರಲಿಲ್ಲ. 1988ರಲ್ಲಿ ಬಂದ ಬಿ.ಆರ್. ಚೋಪ್ರಾರ 'ಮಹಾಭಾರತ'ಕ್ಕೆ ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಝಾ. ಕನ್ನಡಕ್ಕೆ ಕುಮಾರವ್ಯಾಸನ ಭಾರತವನ್ನು ಕೊಟ್ಟ ಗದುಗಿನ ಜನ ಅದನ್ನು ಭಕ್ತಿಯಿಂದಲೇ ನೋಡಿದರು. 1990ರಲ್ಲಿ ಟಿಪ್ಪು ಸುಲ್ತಾನನ ಖಡ್ಗದ ಹೆಸರಿನ ಹಿಂದಿ ಧಾರಾವಾಹಿ ಬಂತು. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು 62 ಮಂದಿ ಸತ್ತರು. ವಿವಾದದ ಬಳಿಕ, ಇದು ಕಾದಂಬರಿ ಆಧರಿಸಿದ ಕಥೆ ಎಂಬ ಹೇಳಿಕೆಯೊಂದಿಗೆ ಅದು ಪ್ರಸಾರವಾಯಿತು. ಅಂದಿನಿಂದ ಕಿರುತೆರೆಯಲ್ಲಿ ಕಾಣಿಸಿದ ಮುಸ್ಲಿಮರು ಹೆಚ್ಚಾಗಿ ಸುಲ್ತಾನರು, ಬಾದಶಹರು. ಅರಮನೆಯ ಹೊರಗೆ, ಬಾಡಿಗೆ ಮನೆಯಲ್ಲಿ ಬಾಳುವ ಸಾಮಾನ್ಯ ಮನುಷ್ಯ ಮಾಯವಾದ.

ಆತ ಮತ್ತೆ ಕಾಣಿಸಿದ್ದು ಸುದ್ದಿಯಲ್ಲಿ. ಏಳು ಗಂಟೆಯ ಧಾರಾವಾಹಿಯಲ್ಲಿ ಇಲ್ಲದವನು ಒಂಬತ್ತರ ಸುದ್ದಿಯಲ್ಲಿ ದಿನವೂ ಬರತೊಡಗಿದ. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೊರೋನಾ ಹರಡಿದ್ದೇ ದೆಹಲಿಯ ತಬ್ಲೀಗಿ ಸಭೆಯಿಂದ ಎಂಬಂತೆ ಸುದ್ದಿ ವಾಹಿನಿಗಳು ಅಬ್ಬರಿಸಿದವು. ಹಳ್ಳಿಗಳಲ್ಲಿ ತರಕಾರಿ, ಹಣ್ಣು ಮಾರುವವರ ಹೆಸರು ಕೇಳಿ ಕಳಿಸಿದ ದಿನಗಳು ಅವು. ಬೆಂಗಳೂರಿನ ದ್ವೇಷಭಾಷಣ ವಿರೋಧಿ ಬಳಗವೊಂದರ ದೂರಿನ ಮೇಲೆ ಸುದ್ದಿ ವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ತೀರ್ಪು ಬರುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಹಣ್ಣಿನವನ ಗಾಡಿಯ ಮುಂದೆ ಕೇಳಿದ ಪ್ರಶ್ನೆಯನ್ನು ಯಾವ ದಂಡವೂ ಹಿಂದಕ್ಕೆ ಪಡೆಯಲಿಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬಿನ ವಿವಾದ ಎದ್ದಾಗ ಶಾಲೆ, ಕಾಲೇಜುಗಳ ಗೇಟಿನಲ್ಲಿ ಹೆಣ್ಣುಮಕ್ಕಳನ್ನೂ ಶಿಕ್ಷಕಿಯರನ್ನೂ ಕ್ಯಾಮೆರಾಗಳು ಬೆನ್ನಟ್ಟಿದ್ದನ್ನು ನಾಡೇ ನೋಡಿತು.

ಸುದ್ದಿ ವಾಹಿನಿಗಳ ತಪ್ಪಿನ ಬಗ್ಗೆ ಬಹಳ ಬರೆಯಲಾಗಿದೆ. ಧಾರಾವಾಹಿಗಳ ಮೌನದ ಬಗ್ಗೆ ಬರೆದದ್ದು ಕಡಿಮೆ. ಸುದ್ದಿಯ ವಿಷ ಏರುವುದಕ್ಕೆ ಆ ಮೌನವೂ ಕಾರಣ. ಸಾವಿರ ಕಂತು ನೋಡಿದ ವೀಕ್ಷಕನಿಗೆ ಒಬ್ಬ ಮುಸ್ಲಿಂ ತಾಯಿ ಮಗನನ್ನು ಗದರಿಸಿದ್ದು, ಒಬ್ಬ ಮುಸ್ಲಿಂ ತಂದೆ ಮಗಳ ಫೀಸಿಗೆ ಪರದಾಡಿದ್ದು ಕಂಡೇ ಇಲ್ಲವೆಂದಿರಲಿ. ಆಗ ಸುದ್ದಿಯವರು ತೋರಿಸಿದ ಚಿತ್ರವನ್ನು ಅಳೆದು ನೋಡಲು ಅವನ ಬಳಿ ಇನ್ನೊಂದು ಚಿತ್ರವೇ ಇರುವುದಿಲ್ಲ. ಕೋಟುಮಚಗಿಯ ಹಿರಿಯರಿಗೆ ಆ ಕೊರತೆ ಇಲ್ಲ. ಅವರ ಬಳಿ ಚಾಚಾ ಇದ್ದಾನೆ, ಬೀಬಿ ಇದ್ದಾಳೆ, ಕೂಡಿ ಉಂಡ ನೆನಪಿದೆ. ಆದರೆ ಮುಂದಿನ ಪೀಳಿಗೆ ಹುಬ್ಬಳ್ಳಿ, ಬೆಂಗಳೂರಿನ ಓಣಿಗಳಲ್ಲಿ ಬೇರೆಬೇರೆಯಾಗಿ ಬೆಳೆಯುತ್ತಿದೆ. ಅವರಿಗೆ ನೆರೆಯವನ ಪರಿಚಯ ಆಗುವುದು ಪರದೆಯಿಂದಲೇ.

ಒಂದು ಕಥೆ ಬಂದಾಗ

ಹೊಸ ಕಥೆ ಹೇಳಿದರೆ ಟಿ.ಆರ್.ಪಿ. ಬರುವುದಿಲ್ಲ ಎಂಬುದು ವಾಹಿನಿಯವರ ಮಾಮೂಲಿ ಉತ್ತರ. ಈ ಮಾತನ್ನು ಪರೀಕ್ಷಿಸಬೇಕು. 2015ಕ್ಕೆ ಮುಂಚೆ ವೀಕ್ಷಕರ ಲೆಕ್ಕ ಹಾಕುವ ಮೀಟರುಗಳು ಹೆಚ್ಚಾಗಿ ನಗರ, ಪಟ್ಟಣಗಳಲ್ಲೇ ಇದ್ದವು. ಬಾರ್ಕ್ ಸಂಸ್ಥೆ ಗ್ರಾಮೀಣ ಭಾರತದ ಲೆಕ್ಕ ಕೊಡತೊಡಗಿದ್ದು 2015ರ ಅಕ್ಟೋಬರ್‌ನಿಂದ. ಅಲ್ಲಿಯವರೆಗೆ ಕೋಟುಮಚಗಿಯಂಥ ಊರುಗಳು ಏನು ನೋಡುತ್ತವೆ, ಏನನ್ನು ನೋಡದೆ ಎದ್ದು ಹೋಗುತ್ತವೆ ಎಂಬುದು ಲೆಕ್ಕಕ್ಕೇ ಇರಲಿಲ್ಲ.

ಹಳ್ಳಿಯ ವೀಕ್ಷಕನ ಮನಸ್ಸು ಏನೆಂದು ತೋರಿಸಿದ್ದು 2020. ಡಬ್ಬಿಂಗ್‌ಗೆ ಅಡ್ಡಿ ಮಾಡಿದ ಕನ್ನಡ ಚಿತ್ರರಂಗ ಮತ್ತು ಕಿರುತೆರೆಯ ಸಂಸ್ಥೆಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ದಂಡ ಹಾಕಿತ್ತು. ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಡಬ್ ಆದ ಧಾರಾವಾಹಿಗಳು ಬಂದವು. ಅವುಗಳಲ್ಲಿ ಒಂದು ಆ ವರ್ಷದ ಜುಲೈನಲ್ಲಿ ಝೀ ಕನ್ನಡದಲ್ಲಿ ಶುರುವಾದ 'ಮಹಾನಾಯಕ', ಡಾ. ಬಿ.ಆರ್. ಅಂಬೇಡ್ಕರರ ಜೀವನಕಥೆ. ಮುಂದೆ ನಡೆದದ್ದು ಕನ್ನಡ ಕಿರುತೆರೆಯ ಚರಿತ್ರೆಯಲ್ಲೇ ಅಪರೂಪ. ರಾಜ್ಯದ ಊರೂರಲ್ಲಿ ಜನ ತಾವೇ ದುಡ್ಡು ಹಾಕಿ ಆ ಧಾರಾವಾಹಿಗೆ ಬ್ಯಾನರ್, ಫ್ಲೆಕ್ಸ್ ಕಟ್ಟಿದರು. ಧಾರಾವಾಹಿ ನಿಲ್ಲಿಸುವಂತೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು, ನಿಲ್ಲಿಸುವುದಿಲ್ಲ ಎಂದೂ ಹೇಳಿದರು. ಶಾಲೆಯಲ್ಲಿ ನೀರು ಮುಟ್ಟಗೊಡದ ಬಾಲಕನ ಕಥೆಯನ್ನು ಮೇಲ್ಜಾತಿಯ ಮನೆಗಳಲ್ಲೂ ಮಕ್ಕಳು ನೋಡಿ ಪ್ರಶ್ನೆ ಕೇಳಿದರು. ಬಂಗಲೆಯಿಲ್ಲದ, ಒಡವೆಯಿಲ್ಲದ ಕಥೆಯನ್ನೂ ಜನ ನೋಡುತ್ತಾರೆ. ತಮ್ಮದೆನಿಸಿದರೆ ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ.

ನಮ್ಮ ಕಡೆಯ ಬಾಕಿ

ದೂರುವಾಗ ನಮ್ಮತ್ತಲೂ ಒಮ್ಮೆ ನೋಡಿಕೊಳ್ಳಬೇಕು. 2017ರಲ್ಲಿ ಸಾಗರದ ಸುಹಾನಾ ಸಯ್ಯದ್ ಎಂಬ ಯುವತಿ ಹಿಜಾಬ್ ಧರಿಸಿ 'ಸರಿಗಮಪ' ವೇದಿಕೆಯಲ್ಲಿ ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ತೀರ್ಪುಗಾರರು ಮೆಚ್ಚಿದರು. ಮರುದಿನದಿಂದ ಫೇಸ್‌ಬುಕ್‌ನಲ್ಲಿ ಮುಸ್ಲಿಮರ ಹೆಸರಿನಲ್ಲಿ ಆಕೆಯ ಮೇಲೆ, ಆಕೆಯ ತಂದೆತಾಯಿಯ ಮೇಲೆ ಕೀಳು ಮಾತುಗಳ ಸುರಿಮಳೆಯಾಯಿತು. ಆಕೆಯ ಬೆನ್ನಿಗೆ ನಿಂತ ಮುಸ್ಲಿಮರೂ ಇದ್ದರು, ಅದನ್ನು ಮರೆಯಬಾರದು. ಆದರೆ ಪರದೆಯ ಮೇಲೆ ನಮ್ಮವರಿಲ್ಲ ಎಂದು ಕೊರಗುವ ಸಮುದಾಯ, ಒಬ್ಬ ಹೆಣ್ಣುಮಗಳು ತನ್ನ ಉಡುಪಿನಲ್ಲೇ, ತನ್ನ ಹೆಸರಿನಲ್ಲೇ, ತನ್ನ ಪ್ರತಿಭೆಯಿಂದ ಅಲ್ಲಿಗೆ ಹೋದಾಗ ಕೊಟ್ಟ ಸ್ವಾಗತ ಅದು. ಹಾಡಿನ ಆಯ್ಕೆಯ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಅದನ್ನು ಹೇಳಲು ಸಭ್ಯ ಭಾಷೆ ಇದೆ. ಮನೆಯಲ್ಲಿ ಅದೇ ಟಿ.ವಿ. ನೋಡುತ್ತ, ಅದರೊಳಗೆ ಹೋದವಳನ್ನು ಮಾತ್ರ ಹಣಿಯುವುದು ಯಾವ ಧರ್ಮನಿಷ್ಠೆಯೂ ಅಲ್ಲ. ಆ ಘಟನೆ ನೋಡಿದ ಎಷ್ಟು ತಂದೆತಾಯಿಗಳು ತಮ್ಮ ಮಕ್ಕಳನ್ನು ವೇದಿಕೆಯಿಂದ ದೂರ ಇಟ್ಟಿರಬಹುದು ಎಂದು ಯೋಚಿಸಬೇಕು. ಕಥೆ ಬರೆಯುವವರು, ನಿರ್ದೇಶಿಸುವವರು, ನಟಿಸುವವರು ನಮ್ಮಿಂದ ಹೋಗದಿದ್ದರೆ ನಮ್ಮ ಮನೆಯ ಕಥೆಯನ್ನು ಬರೆಯುವವರು ಯಾರು?

ವೀಕ್ಷಕರಿಗೆ ದಾರಿ ಇಲ್ಲವೆಂದಲ್ಲ. ಮನರಂಜನಾ ವಾಹಿನಿಗಳ ಮೇಲಿನ ದೂರು ಕೇಳಲು 2011ರಿಂದ ಬಿಸಿಸಿಸಿ ಎಂಬ ಮಂಡಳಿ ಇದೆ. ಸುದ್ದಿ ವಾಹಿನಿಗಳಿಗೆ ಬೇರೆ ಪ್ರಾಧಿಕಾರ ಇದೆ. 2021ರ ದಂಡ ಬಂದದ್ದೇ ನಾಗರಿಕರು ಕೂತು ದೂರು ಬರೆದದ್ದರಿಂದ. ಆದರೆ ಇಲ್ಲದ ಪಾತ್ರದ ಬಗ್ಗೆ ದೂರು ಕೊಡಲಾಗದು. ಅದನ್ನು ಕೇಳಿಯೇ ಪಡೆಯಬೇಕು. 'ಮುಕ್ತ'ದ ಕಾಲದಲ್ಲಿ ಸೀತಾರಾಮ್ ಊರೂರಿಗೆ ಹೋಗಿ ವೀಕ್ಷಕರೊಡನೆ ಸಂವಾದ ಮಾಡಿದರು. ಇಂದು ಧಾರಾವಾಹಿ ತಂಡಗಳು ಜಿಲ್ಲೆಗಳಿಗೆ ಬರುವುದು ಜಾತ್ರೆಯಂಥ ಪ್ರಚಾರ ಸಭೆಗಳಿಗೆ, ನಟಿಯರನ್ನು ತೋರಿಸಿ ಕೈಬೀಸಿ ಹೋಗುವುದಕ್ಕೆ. ಅಂಥ ಸಭೆ ಗದಗಕ್ಕೆ ಬಂದಾಗ ಎದ್ದು ನಿಂತು ಕೇಳುವ ಹಕ್ಕು ನಮಗಿದೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಎಲ್ಲರಿಗೂ ಒಳ್ಳೆಯದನ್ನೇ ಮಾಡಿ ಕೊನೆಗೆ ಗೆಳೆಯನಿಗಾಗಿ ಪ್ರಾಣ ಕೊಡುವ ಆದರ್ಶ ಮುಸ್ಲಿಮನ ಪಾತ್ರ ನಮಗೆ ಬೇಡ. ಅದು ಖಳನಾಯಕನ ಪಾತ್ರದಷ್ಟೇ ಸುಳ್ಳು. ನಾಯಕಿಯ ನೆರೆಮನೆಯಲ್ಲಿ ಒಬ್ಬ ಮನಿಯಾರನ ಸಂಸಾರ ಇರಲಿ. ಆತ ಸ್ವಲ್ಪ ಜಿಪುಣ ಇರಲಿ. ಹೆಂಡತಿ ಬಾಯಿ ಜೋರಿನವಳಿರಲಿ. ಮಗಳು ನರ್ಸಿಂಗ್ ಓದಲು ಹಟ ಹಿಡಿಯಲಿ, ಅಣ್ಣ ಬೇಡವೆನ್ನಲಿ, ಅಜ್ಜಿ ಮೊಮ್ಮಗಳ ಪರ ನಿಲ್ಲಲಿ. ನಾಯಕಿಯ ಅವ್ವ ಅವರ ಮನೆಗೆ ಹೋಗಿ, “ಯವ್ವಾ, ಓದ್ಲಿ ಬಿಡ ಹುಡುಗಿ, ನಮ್ಮಕಿನೂ ಜೋಡಿ ಹೊಕ್ಕಾಳ” ಎಂದು ಹೇಳಲಿ. ಅವರೆಲ್ಲ ಈ ಸೀಮೆಯ ಕನ್ನಡದಲ್ಲೇ ಮಾತಾಡಲಿ. ಇಂಥ ಹತ್ತು ಕಂತು ಪ್ರಸಾರವಾದರೆ ಅದಾದ ಮೇಲೆ ಬರುವ ಒಂಬತ್ತರ ಸುದ್ದಿಯನ್ನು ನಮ್ಮ ಊರಿನ ಹುಡುಗರು ಬೇರೆ ಕಣ್ಣಿನಿಂದ ನೋಡುತ್ತಾರೆ.